ಬೆಳ್ಳಗಿರುವುದೆಲ್ಲ ರಬ್ಬರಲ್ಲ: ಹೊಸ ಗಿಡವೊಂದನ್ನು ಪರೀಕ್ಷಿಸುವ ಬಗೆ

ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿ ಹದಿನೆಂಟು ವರ್ಷಗಳ ನೋಟ್‌ಪುಸ್ತಕಗಳಿವೆ. ಅವುಗಳಲ್ಲಿ 212 ಗಿಡಗಳ ಹೆಸರುಗಳಿವೆ. ಪ್ರತಿ ಹೆಸರಿನ ಎದುರು ಕೆಂಪು ಶಾಯಿಯಲ್ಲಿ ಒಂದು ತೀರ್ಪು. ಹೆಚ್ಚಿನ ಕಡೆ ಅದು ‘ಬೇಡ’ ಎಂದೇ ಇದೆ. ರಬ್ಬರಿಗೆ ಬದಲಿ ಗಿಡ ಹುಡುಕುವುದೆಂದರೆ ಒಳ್ಳೆಯ ಗಿಡವನ್ನು ಆರಿಸುವ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ದಿನನಿತ್ಯ ನಾವು ಮಾಡುವುದು ತಿರಸ್ಕರಿಸುವ ಕೆಲಸವನ್ನು. ಅದನ್ನು ಬೇಗ ಮತ್ತು ಕಡಿಮೆ ಖರ್ಚಿನಲ್ಲಿ ಮಾಡಲು ಬಂದರೆ ಅರ್ಧ ವಿದ್ಯೆ ಬಂದಂತೆ. ಆದ್ದರಿಂದ ಕೆಳಗಿನ ಪರೀಕ್ಷೆಗಳ ಕ್ರಮವನ್ನು ಅದಲುಬದಲು ಮಾಡಬೇಡಿ. ಐದು ನಿಮಿಷದಲ್ಲಿ ಸೋಲಬಹುದಾದ ಗಿಡವನ್ನು ಐದು ತಿಂಗಳು ಸಾಕುವುದು ಯಾರಿಗೂ ಲಾಭವಲ್ಲ.

ಹುಡುಕಾಟ ಏಕೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಗತ್ತಿನ ನೈಸರ್ಗಿಕ ರಬ್ಬರಿನ ಬಹುಪಾಲು ಒಂದೇ ಮರದಿಂದ, ಹೆವಿಯಾ ಬ್ರೆಸಿಲಿಯೆನ್ಸಿಸ್‌ನಿಂದ, ಬರುತ್ತದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ ಅಮೆಜಾನ್ ಪ್ರದೇಶದಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ ಸುಮಾರು 70,000 ಬೀಜಗಳಲ್ಲಿ ಮೊಳೆತದ್ದು ಸಣ್ಣ ಪಾಲು. ಏಷ್ಯಾದ ತೋಟಗಳ ವಂಶಮೂಲ ಬಹುಮಟ್ಟಿಗೆ ಅದೇ. ದಕ್ಷಿಣ ಅಮೆರಿಕದ ಎಲೆ ಅಂಗಮಾರಿ ರೋಗ ಆ ಖಂಡದಲ್ಲಿ ದೊಡ್ಡ ತೋಟಗಳನ್ನು ತಲೆ ಎತ್ತಲು ಬಿಡಲಿಲ್ಲ. ಅದೇ ಶಿಲೀಂಧ್ರ ಏಷ್ಯಾಕ್ಕೆ ದಾಟಿದರೆ ಏನಾದೀತು ಎಂಬ ಅಂಜಿಕೆಯೇ ನಮ್ಮಂಥವರ ಕೆಲಸಕ್ಕೆ ಕಾರಣ.

ಮೊದಲು ಹೆಸರು, ಆಮೇಲೆ ಹಾಲು

ಪರೀಕ್ಷೆಗೆ ಬಂದ ಗಿಡ ಯಾವುದು ಎಂಬುದು ಖಚಿತವಾಗದೆ ಚಾಕು ಹಿಡಿಯಬೇಡಿ. ಇದು ಅತಿಯಾದ ಶಿಸ್ತು ಎನಿಸಬಹುದು. ಕೋಕ್-ಸಗೀಜ್ ಎಂಬ ರಷ್ಯನ್ ಡ್ಯಾಂಡೆಲಿಯನ್‌ನ ಕಥೆ ಕೇಳಿ. 1930ರ ದಶಕದ ಆರಂಭದಲ್ಲಿ ಕಜಕಿಸ್ತಾನದ ತ್ಯಾನ್‌ಶಾನ್ ಪರ್ವತ ಕಣಿವೆಗಳಲ್ಲಿ ಸಿಕ್ಕ ಈ ಸಣ್ಣ ಗಿಡದ ಬೇರಿನಲ್ಲಿ ಒಳ್ಳೆಯ ರಬ್ಬರ್ ಇದೆ. ಆದರೆ ಜಗತ್ತಿನ ಹಲವು ಬೀಜ ಸಂಗ್ರಹಗಳಲ್ಲಿ ಆ ಹೆಸರಿನ ಚೀಟಿ ಅಂಟಿಸಿಕೊಂಡು ಕುಳಿತಿದ್ದದ್ದು ಟರಾಕ್ಸಾಕಮ್ ಬ್ರೆವಿಕಾರ್ನಿಕ್ಯುಲೇಟಮ್ ಎಂಬ ಅದರ ದಾಯಾದಿ. ನೋಡಲು ಹೆಚ್ಚುಕಡಿಮೆ ಒಂದೇ, ರಬ್ಬರಿನಲ್ಲಿ ಬಡವ. ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಗಿಡವಾದ್ದರಿಂದ ಸಂಗ್ರಹಗಳಲ್ಲಿ ಅದೇ ಸುಲಭವಾಗಿ ಬದುಕಿ ಹಬ್ಬಿತು. ತಪ್ಪು ಗಿಡವನ್ನು ಸರಿಯಾಗಿ ಅಳೆದರೂ ಉತ್ತರ ತಪ್ಪೇ. ಹೂವು ಸಹಿತ ಒಂದು ಗಿಡವನ್ನು ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ, ಸಂಗ್ರಹದ ಸಂಖ್ಯೆ ಬರೆದು, ಗೊತ್ತಿರುವ ಸಸ್ಯಶಾಸ್ತ್ರಜ್ಞರಿಗೆ ತೋರಿಸಿ.

ಅದೇ ಹಾಳೆಯ ಮೇಲೆ ಇನ್ನೂ ನಾಲ್ಕು ಸಂಗತಿಗಳಿರಲಿ: ಗಿಡದ ವಯಸ್ಸು, ಕಿತ್ತ ತಿಂಗಳು, ಯಾವ ಭಾಗ, ಕಿತ್ತ ಎಷ್ಟು ಗಂಟೆಗಳ ನಂತರ ಓವನ್‌ಗೆ ಹೋಯಿತು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೇನೆ.

ಎಳೆಯ ಪರೀಕ್ಷೆ

ಈಗ ಐದು ನಿಮಿಷದ ಪರೀಕ್ಷೆ. ಗಿಡ ಹಾಲು ಸುರಿಸುವುದಾದರೆ ಒಂದು ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಹಿಡಿದು, ಮೇಲೊಂದು ಸ್ಲೈಡ್ ಇಟ್ಟು, ಹಾಲು ಗಟ್ಟಿಯಾಗುವ ತನಕ ಮೆಲ್ಲಗೆ ಉಜ್ಜಿ, ನಿಧಾನವಾಗಿ ಎರಡನ್ನೂ ಬೇರ್ಪಡಿಸಿ. ಹಳೆಯ ಕಾಲದವರು ಬೆರಳುಗಳ ನಡುವೆ ಉಜ್ಜುತ್ತಿದ್ದರು. ನೀವು ಹಾಗೆ ಮಾಡಬೇಡಿ. ಎಕ್ಕದ ಹಾಲು, ಕಳ್ಳಿಯ ಹಾಲು ಕಣ್ಣಿಗೆ ತಗುಲಿದರೆ ಏನಾಗುತ್ತದೆ ಎಂಬುದನ್ನು ಕಲಿಯಲು ಬೇರೆ ದಾರಿಗಳಿವೆ. ಕೈಗವಸು, ಕನ್ನಡಕ ಎರಡೂ ಇರಲಿ.

ಸ್ಲೈಡ್‌ಗಳ ನಡುವೆ ಮೂರು ಬಗೆಯ ನೋಟ ಕಾಣುತ್ತದೆ. ಎಳೆಯೇ ಬಾರದೆ ಪುಡಿಯಾಗಿ ಉದುರಿದರೆ ಅದು ರಾಳ. ಬೆಲ್ಲದ ಪಾಕದಂತೆ ಉದ್ದಕ್ಕೆ ಎಳೆಯಾಗಿ ಬಂದು, ಬಿಟ್ಟರೆ ಜೋತುಬಿದ್ದರೆ ಅಂಟು ಹೆಚ್ಚು, ರಬ್ಬರ್ ಕಡಿಮೆ. ಇದ್ದರೂ ಅದರ ಅಣುಗಳು ಗಿಡ್ಡ. ಎಳೆ ಹಿಗ್ಗಿ, ಒಂದು ತುದಿ ಬಿಟ್ಟ ಕೂಡಲೇ ಸರ್ರನೆ ಹಿಂದೆ ಸೇದಿಕೊಂಡು ಸುರುಳಿಯಾದರೆ ಆ ಗಿಡವನ್ನು ಮುಂದಿನ ಮೆಟ್ಟಿಲಿಗೆ ಕಳುಹಿಸಿ. ಹಾಲಿನ ಬಿಳುಪು ಏನನ್ನೂ ಹೇಳುವುದಿಲ್ಲ. ನೀರಿನಲ್ಲಿ ತೇಲುವ ಯಾವ ಸಣ್ಣ ಕಣವೂ ಬೆಳಕನ್ನು ಚದುರಿಸಿ ಬೆಳ್ಳಗೇ ಕಾಣುತ್ತದೆ, ಅದು ರಬ್ಬರಿನದಾಗಿರಲಿ, ರಾಳದ್ದಾಗಿರಲಿ. ಎಕ್ಕ, ಕಳ್ಳಿಗಳ ಹಾಲಿನಲ್ಲಿ ಹೆಚ್ಚಿರುವುದು ಟ್ರೈಟರ್ಪೀನ್ ಎಂಬ ರಾಳದಂಥ ವಸ್ತುಗಳು. ಟೈರ್ ಮಾಡಲು ಅವು ಬಾರವು.

ಎಳೆಯ ಪರೀಕ್ಷೆಗೆ ಎರಡು ಕಡೆಯಿಂದ ಮೋಸವಿದೆ. ಯೂಕೊಮಿಯಾ ಮರದ ಎಲೆಯನ್ನು ಅಡ್ಡಕ್ಕೆ ಹರಿದು ನೋಡಿ: ಎರಡು ಅರ್ಧಗಳೂ ಬೀಳದೆ, ಬೆಳ್ಳಿ ಬಣ್ಣದ ನೂರಾರು ನವಿರು ಎಳೆಗಳಿಂದ ಒಂದಕ್ಕೊಂದು ತೂಗುತ್ತಿರುತ್ತವೆ. ನಾನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ಅದನ್ನೇ ಹರಿಯುತ್ತಾ ಕುಳಿತಿದ್ದೆ. ಆದರೆ ಆ ಎಳೆ ಸೇದಿಕೊಳ್ಳುವುದಿಲ್ಲ. ಅದು ಗಟ್ಟಾ. ರಬ್ಬರಿನದೇ ಐಸೊಪ್ರೀನ್ ಕೊಂಡಿಗಳು, ಜೋಡಣೆ ಮಾತ್ರ ‘ಸಿಸ್’ (ಕೊಂಡಿಯ ಎರಡು ತುದಿಗಳೂ ಒಂದೇ ಮಗ್ಗುಲಿಗೆ) ಬದಲು ‘ಟ್ರಾನ್ಸ್’ (ಎದುರುಬದುರು ಮಗ್ಗುಲಿಗೆ). ಗೊತ್ತುಮಾಡಿಕೊಳ್ಳುವುದು ಸುಲಭ: ಉಂಡೆಯನ್ನು 70 ಡಿಗ್ರಿ ಸೆಲ್ಸಿಯಸ್‌ನ ನೀರಿಗೆ ಹಾಕಿ. ಗಟ್ಟಾ ಹಿಟ್ಟಿನಂತೆ ಮೆತ್ತಗಾಗಿ, ತಣಿದ ಮೇಲೆ ಮರದ ಚೂರಿನಂತೆ ಬಿರುಸಾಗುತ್ತದೆ. ರಬ್ಬರ್ ಬಿಸಿಯಲ್ಲೂ ತಣ್ಣಗೂ ರಬ್ಬರಾಗಿಯೇ ಇರುತ್ತದೆ.

ಇನ್ನೊಂದು ಮೋಸ ತದ್ವಿರುದ್ಧದ್ದು. ಮೆಕ್ಸಿಕೊ ಮತ್ತು ಟೆಕ್ಸಾಸ್‌ನ ಚಿವಾವಾ ಮರುಭೂಮಿಯ ಗ್ವಯೂಲೆ ಪೊದೆಯನ್ನು ಎಲ್ಲಿ ಕೊಯ್ದರೂ ಒಂದು ಹನಿ ಹಾಲು ಬಾರದು. ಅದರಲ್ಲಿ ಹಾಲಿನ ನಾಳಗಳೇ ಇಲ್ಲ. ರಬ್ಬರ್ ತೊಗಟೆಯ ಬಿಡಿ ಬಿಡಿ ಜೀವಕೋಶಗಳೊಳಗೆ ಕುಳಿತಿರುತ್ತದೆ. ಹಾಲಿಲ್ಲವೆಂದು ಇದನ್ನು ಎಸೆದಿದ್ದರೆ ಹೆವಿಯಾದ ಅತ್ಯುತ್ತಮ ಪ್ರತಿಸ್ಪರ್ಧಿಯನ್ನೇ ಕಳೆದುಕೊಂಡಂತೆ. ಹಾಲಿಲ್ಲದ ಗಿಡವಾದರೆ ತೊಗಟೆಯ ತೆಳುವಾದ ಪದರ ಕೊಯ್ದು, ಕೊಬ್ಬಿಗೆ ಹಚ್ಚುವ ಸುಡಾನ್ ಅಥವಾ ಆಯಿಲ್ ರೆಡ್ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಂಪು ಗುಳ್ಳೆಗಳು ಕಂಡರೆ ಅದು ಸಾಕ್ಷ್ಯವಲ್ಲ, ಎಣ್ಣೆಯೂ ಕೆಂಪಾಗುತ್ತದೆ. ಮುಂದಿನ ಹಂತಕ್ಕೆ ಅನುಮತಿ ಅಷ್ಟೆ.

ಅಸಿಟೋನ್ ಮೊದಲು, ಹೆಕ್ಸೇನ್ ನಂತರ

ಈಗ ತೂಕ. ಮಾದರಿಯನ್ನು 50 ಡಿಗ್ರಿ ಮೀರದಂತೆ ಒಣಗಿಸಿ ಪುಡಿ ಮಾಡಿ. ಅರೆಯುವ ಯಂತ್ರ ಬಿಸಿಯಾದರೆ ರಬ್ಬರ್ ಬ್ಲೇಡಿಗೆ ಅಂಟಿ ಮಾದರಿಯಿಂದ ಮಾಯವಾಗುತ್ತದೆ, ಆದ್ದರಿಂದ ಕೆಲವೇ ಸೆಕೆಂಡುಗಳ ಸುತ್ತುಗಳಲ್ಲಿ ಅರೆಯಿರಿ. ದ್ರವ ಸಾರಜನಕ ಸಿಗುವುದಾದರೆ ಇನ್ನೂ ಒಳ್ಳೆಯದು. 5 ಗ್ರಾಂ ಪುಡಿಯನ್ನು ತೂಗಿ, ದ್ರಾವಕವನ್ನು ಮತ್ತೆ ಮತ್ತೆ ಹರಿಸಿ ತೊಳೆಯುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಮೊದಲು ಅಸಿಟೋನ್‌ನಿಂದ ತೊಳೆಯಿರಿ, ಹಸಿರು ಹೋಗಿ ದ್ರಾವಕ ನೀರಿನಂತೆ ತಿಳಿಯಾಗುವ ತನಕ. ರಾಳ, ಕೊಬ್ಬು, ಎಲೆಯ ಬಣ್ಣ ಇದರಲ್ಲಿ ಹೊರಟುಹೋಗುತ್ತವೆ. ರಬ್ಬರ್ ಅಸಿಟೋನ್‌ನಲ್ಲಿ ಕರಗದೆ ಉಳಿಯುತ್ತದೆ. ಪುಡಿಯನ್ನು ಒಣಗಿಸಿ, ಹೆಕ್ಸೇನ್‌ನಿಂದ ಎರಡನೆಯ ಸುತ್ತು. ರಬ್ಬರ್ ಹೊರಬರುವುದು ಈಗ. ಹೆಕ್ಸೇನ್ ಆವಿ ಮಾಡಿ ಉಳಿದದ್ದನ್ನು ತೂಗಿ. ಇಡೀ ಕೆಲಸ ಹೊಗೆಗೂಡಿನೊಳಗೆ (ಆವಿಯನ್ನು ಹೊರಕ್ಕೆಳೆಯುವ ಕಪಾಟು), ವಿದ್ಯುತ್ ಹೀಟರಿನ ಮೇಲೆ. ಬೆಂಕಿಯ ಕಿಡಿ ಹತ್ತಿರ ಸುಳಿಯಬಾರದು. ಹೆಕ್ಸೇನ್ ಆವಿ ನರಗಳನ್ನು ಕೆಡಿಸುತ್ತದೆ, ವಾಸನೆ ಒಗ್ಗಿಹೋಯಿತು ಎಂದು ಸಡಿಲವಾಗಬೇಡಿ.

ಒಮ್ಮೆ ನಮ್ಮ ಪ್ರಯೋಗಾಲಯದ ಹೊಸ ವಿದ್ಯಾರ್ಥಿ ಓಡಿಬಂದ. “ಮೇಡಂ, ಶೇಕಡಾ 11 ಬಂದಿದೆ!” ಅವನ ಕೈಯಲ್ಲಿದ್ದ ಫ್ಲಾಸ್ಕಿನ ತಳದಲ್ಲಿ ಹಳದಿ ಪದರವೊಂದಿತ್ತು. “ಹಿಗ್ಗಿಸಿ ನೋಡಿದೆಯೇನಪ್ಪ?” ಎಂದೆ. ಚಿಮಟದಿಂದ ಒಂದು ತುದಿ ಎತ್ತಿದ. ಪದರ ಮೇಣದಂತೆ ಪುಡಿಪುಡಿಯಾಗಿ ಮುರಿಯಿತು. ಅದು ಮೇಣವೇ. ಎಲೆಯ ಮೇಲ್ಪದರದ ಮೇಣ ಅಸಿಟೋನ್‌ಗೆ ಪೂರ್ತಿ ಬಗ್ಗದೆ ಹೆಕ್ಸೇನ್‌ನಲ್ಲಿ ಬಂದಿತ್ತು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುಪಾಡು: ಹೆಕ್ಸೇನ್ ಸಾರವನ್ನು ಸ್ವಲ್ಪ ಟಾಲ್ಯೂಯಿನ್ ದ್ರಾವಕದಲ್ಲಿ ಕರಗಿಸಿ, ನಾಲ್ಕೈದು ಪಟ್ಟು ಎಥನಾಲ್‌ಗೆ ಕಲಕುತ್ತಾ ಸುರಿಯಬೇಕು. ರಬ್ಬರಿದ್ದರೆ ಮೋಡದಂತೆ ಬೆಳ್ಳಗೆ ಹಬ್ಬಿ, ನಿಮಿಷದೊಳಗೆ ಒಂದು ಗಂಟಾಗಿ ಗಾಜಿನ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಕಡ್ಡಿ ಎತ್ತಿದರೆ ಜೊತೆಯಲ್ಲೇ ಬರುತ್ತದೆ. ಒಣಗಿಸಿ ತೂಗಬೇಕಾದದ್ದು ಆ ಗಂಟನ್ನು. ಆ ಗಿಡದ ಶೇಕಡಾ 11 ಈ ದಾರಿಯಲ್ಲಿ ಶೇಕಡಾ 0.8ಕ್ಕೆ ಇಳಿಯಿತು. ಹುಡುಗ ಎರಡು ದಿನ ಮಂಕಾಗಿದ್ದ; ಮೂರನೆಯ ದಿನದಿಂದ ಅವನ ಲೆಕ್ಕಗಳನ್ನು ನಾನು ನಂಬತೊಡಗಿದೆ.

ಮಾದರಿಗಳ ಪ್ರತಿ ಕಂತಿನೊಂದಿಗೆ ಎರಡು ಸಾಕ್ಷಿ ಮಾದರಿಗಳು ಕಡ್ಡಾಯ. ಒಂದು ಖಾಲಿ: ಗಿಡವಿಲ್ಲದ ಬರಿಯ ಸೋಸುಕಾಗದ. ನಮ್ಮ ಖಾಲಿ ಮಾದರಿಯೇ ಒಂದು ಸಲ 40 ಮಿಲಿಗ್ರಾಂ ‘ರಬ್ಬರ್’ ಕೊಟ್ಟಿತು. ವಾರವೆಲ್ಲ ತಲೆಕೆಡಿಸಿಕೊಂಡ ಮೇಲೆ ತಿಳಿಯಿತು, ಫ್ಲಾಸ್ಕಿಗೆ ಯಾರೋ ರಬ್ಬರ್ ಬಿರಡೆ ಹಾಕಿದ್ದರು; ಅದರೊಳಗಿನ ಎಣ್ಣೆ ಹೆಕ್ಸೇನ್‌ಗೆ ಇಳಿದಿತ್ತು. ರಬ್ಬರ್ ಅಳೆಯುವ ಕೋಣೆಯಲ್ಲಿ ರಬ್ಬರ್ ಬಿರಡೆ! ಗಾಜಿನ ಬಿರಡೆ ಬಳಸಿ, ಗ್ರೀಸ್ ಹಚ್ಚಬೇಡಿ. ಇನ್ನೊಂದು ಸಾಕ್ಷಿ ತುಂಬಿದ್ದು: ರಬ್ಬರಿಲ್ಲದ ಹುಲ್ಲಿನ ಪುಡಿಗೆ ತೂಕ ಗೊತ್ತಿರುವ ಹೆವಿಯಾ ರಬ್ಬರ್ ಬೆರೆಸಿ, ಎಷ್ಟು ಮರಳಿ ಬರುತ್ತದೆ ನೋಡಿ. ನೂರರಲ್ಲಿ ತೊಂಬತ್ತೂ ಮರಳದಿದ್ದರೆ ದೋಷ ಗಿಡದ್ದಲ್ಲ, ನಿಮ್ಮ ಕೈಯದು.

ಅಣುವಿನ ಉದ್ದ

ಹೆಚ್ಚು ಗಿಡಗಳು ಸಾಯುವುದು ಈ ಮೆಟ್ಟಿಲಲ್ಲಿ. ರಬ್ಬರಿನ ಗುಣವೆಲ್ಲ ಅದರ ಅಣುವಿನ ಉದ್ದದಲ್ಲಿದೆ. ಹೆವಿಯಾ ರಬ್ಬರಿನ ಸರಾಸರಿ ಅಣುತೂಕ ಹತ್ತು ಲಕ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಐವತ್ತು ಸಾವಿರದ ಅಣುತೂಕದ ವಸ್ತು ರಾಸಾಯನಿಕವಾಗಿ ರಬ್ಬರೇ ಆದರೂ ಕೈಗೆ ಜಿಗುಟು, ಬಲಕ್ಕೆ ಸೊನ್ನೆ.

ಥಾಮಸ್ ಎಡಿಸನ್ ಎಡವಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಕಾರು ತಯಾರಕ ಹೆನ್ರಿ ಫೋರ್ಡ್, ಟೈರ್ ತಯಾರಕ ಹಾರ್ವೆ ಫೈರ್‌ಸ್ಟೋನ್ ಜೊತೆಗೂಡಿ 1927ರಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿ, ಸುಮಾರು 17,000 ಸಸ್ಯ ಮಾದರಿಗಳನ್ನು ಪರೀಕ್ಷಿಸಿ, ಆತ ಕೊನೆಗೆ ನಿಂತದ್ದು ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಗಿಡದ ಬಳಿ. ಆಳೆತ್ತರವನ್ನು ಮೀರಿದ, 12 ಅಡಿಯ ಗಿಡಗಳನ್ನು ಬೆಳೆಸಿದ. ಶೇಕಡಾವಾರು ಏರುತ್ತಾ ಹೋಯಿತು, ಅಣು ಮಾತ್ರ ಗಿಡ್ಡವಾಗಿಯೇ ಉಳಿಯಿತು. 1931ರಲ್ಲಿ ಆತ ತೀರಿಕೊಂಡ. ಗೋಲ್ಡನ್‌ರಾಡ್ ಟೈರ್ ಉದ್ಯಮವಾಗಲೇ ಇಲ್ಲ. ಆ ಕಾಲಕ್ಕೆ ಉದ್ದ ಅಳೆಯುವ ಸಲಕರಣೆ ಈಗಿನಷ್ಟು ಕೈಗೆಟುಕುತ್ತಿರಲಿಲ್ಲ ಎಂಬ ಮಾತನ್ನೂ ಸೇರಿಸಿ ಹೇಳಬೇಕು.

ನಮಗೆ ಆ ನೆಪವಿಲ್ಲ. ದೊಡ್ಡ ಉಪಕರಣಕ್ಕೆ ಕೊಡುವ ಮುನ್ನ ಗಾಜಿನ ಕ್ಯಾಪಿಲರಿ ವಿಸ್ಕೋಮೀಟರ್ (ದ್ರವ ಇಳಿಯುವ ಹೊತ್ತನ್ನು ಅಳೆಯುವ ಸಪೂರ ನಳಿಗೆ) ಮತ್ತು ಒಂದು ಸ್ಟಾಪ್‌ವಾಚ್ ಸಾಕು. 100 ಮಿಲಿಲೀಟರ್ ಟಾಲ್ಯೂಯಿನ್‌ನಲ್ಲಿ ಶುದ್ಧಗೊಳಿಸಿದ 0.2 ಗ್ರಾಂ ರಬ್ಬರ್ ಹಾಕಿ, ಕತ್ತಲಲ್ಲಿ ಎರಡು ದಿನ ಕರಗಲು ಬಿಡಿ. ಅಲುಗಾಡಿಸಿ ಅವಸರ ಮಾಡಿದರೆ ಉದ್ದದ ಅಣುಗಳು ತುಂಡಾಗುತ್ತವೆ. ಅಣು ಉದ್ದವಾದಷ್ಟೂ ದ್ರಾವಣ ಮಂದ, ಇಳಿಯುವುದು ನಿಧಾನ. ಬರಿಯ ಟಾಲ್ಯೂಯಿನ್ 100 ಸೆಕೆಂಡಿನಲ್ಲಿ ಇಳಿಯುವ ನಳಿಗೆಯಲ್ಲಿ ಹೆವಿಯಾ ದ್ರಾವಣಕ್ಕೆ 200 ಸೆಕೆಂಡಿಗೂ ಹೆಚ್ಚು ಬೇಕಾಗುತ್ತದೆ. ನಿಮ್ಮ ಗಿಡದ್ದು 115 ಸೆಕೆಂಡಿಗೆ ಇಳಿದುಬಿಟ್ಟರೆ ಕೆಂಪು ಶಾಯಿ ತೆಗೆಯಬಹುದು. ತಾಪ ಸ್ಥಿರವಾಗಿರಲಿ, ಮೂರು ಸಲ ಅಳೆಯಿರಿ.

ಉಳಿದವುಗಳನ್ನು, ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಳೆಯುವ ಜೆಲ್ ಪರ್ಮಿಯೇಷನ್ ಕ್ರೊಮ್ಯಾಟೊಗ್ರಫಿಗೆ ಕಳುಹಿಸಿ. ಅಲ್ಲಿ ಸಾಮಾನ್ಯವಾಗಿ ಪಾಲಿಸ್ಟೈರೀನ್ ಅಳತೆಗೋಲಿಗೆ ಹೋಲಿಸಿ ಸಂಖ್ಯೆ ಕೊಡುತ್ತಾರೆ, ಅದು ನಿಜವಾದ ತೂಕವಲ್ಲ. ಅದೇ ದಿನ ಅದೇ ಯಂತ್ರದಲ್ಲಿ ಓಡಿಸಿದ ಹೆವಿಯಾದ ಜೊತೆ ಹೋಲಿಸಿ. ಕರಗದೆ ಸೋಸುಕದಲ್ಲಿ ನಿಂತ ಜೆಲ್ ಎಷ್ಟಿತ್ತೆಂದು ಕೇಳಿ ಪಡೆಯಿರಿ, ಇಲ್ಲವಾದರೆ ಉದ್ದದ ಅಣುಗಳೇ ಲೆಕ್ಕದಿಂದ ಹೊರಗುಳಿಯುತ್ತವೆ. ಸಿಸ್-ಟ್ರಾನ್ಸ್ ಅನುಮಾನವನ್ನು, ಪರಮಾಣುಗಳ ಜೋಡಣೆಯನ್ನು ಕಾಂತಕ್ಷೇತ್ರದಲ್ಲಿ ಓದುವ ಎನ್‌ಎಂಆರ್ ತೀರಿಸುತ್ತದೆ: ಕಾರ್ಬನ್-13 ನಕ್ಷೆಯಲ್ಲಿ ಮೀಥೈಲ್ ಗೆರೆ 23 ಪಿಪಿಎಂ ಬಳಿ ಬಿದ್ದರೆ ಸಿಸ್, 16ರ ಬಳಿ ಬಿದ್ದರೆ ಟ್ರಾನ್ಸ್.

ಉದ್ದವೊಂದಿದ್ದರೂ ಸಾಲದು. ಲೆಟ್ಯೂಸ್ ಗಿಡದ ಹಾಲಿನಲ್ಲಿ ಹತ್ತು ಲಕ್ಷ ಮೀರಿದ ಅಣುತೂಕದ ರಬ್ಬರಿದೆ, ಪ್ರಮಾಣ ಮಾತ್ರ ಅತ್ಯಲ್ಪ. ಸೂರ್ಯಕಾಂತಿಯಲ್ಲಿ ಅಣುವೇ ಗಿಡ್ಡ. ಉದ್ದ, ಪ್ರಮಾಣ ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೇ ರಬ್ಬರ್ ತಯಾರಿಸುವ ಸುಮಾರು 2,500 ಸಸ್ಯ ಜಾತಿಗಳಲ್ಲಿ ಗಂಭೀರ ಅಭ್ಯರ್ಥಿಗಳನ್ನು ಎಣಿಸಲು ಕೈಬೆರಳುಗಳು ಸಾಕು.

ಶೇಕಡಾವಾರು ಎಂಬ ಕಣ್ಕಟ್ಟು

ಶೀತಲ ಕೋಣೆಯಲ್ಲಿ ಮೂರು ವಾರ ಉಳಿದುಬಿಟ್ಟ ಡ್ಯಾಂಡೆಲಿಯನ್ ಬೇರುಗಳನ್ನು ಒಮ್ಮೆ ಅಳೆದೆ. ಕಿತ್ತ ದಿನ ಶೇಕಡಾ 5.1 ಇದ್ದ ರಬ್ಬರ್ 6.4 ಆಗಿತ್ತು. ಬೇರು ಕತ್ತಲಲ್ಲಿ ಕುಳಿತು ರಬ್ಬರ್ ನೇಯ್ದಿದೆ ಎಂದು ಟಿಪ್ಪಣಿಯನ್ನೂ ಬರೆದೆ. ರಾತ್ರಿ ಬೇರಿನ ತೂಕಗಳ ಪಟ್ಟಿ ನೋಡಿದಾಗ ನಾಚಿಕೆಯಾಯಿತು. ಆ ಬೇರಿನಲ್ಲಿ ಇನ್ಯುಲಿನ್ ಎಂಬ ಸಕ್ಕರೆಯ ಸರಪಳಿ ಒಣತೂಕದ ಕಾಲುಭಾಗಕ್ಕೂ ಹೆಚ್ಚಿರುತ್ತದೆ. ಬೇರು ಉಸಿರಾಡುತ್ತಾ ಅದನ್ನು ಉರಿಸಿಕೊಂಡು ಹಗುರಾಗಿತ್ತು. ಒಂದು ಬೇರಿಗೆ ಎಷ್ಟು ಗ್ರಾಂ ರಬ್ಬರ್ ಎಂದು ಭಾಗಿಸಿದರೆ ಮೂರು ವಾರಗಳ ಹಿಂದಿನದೇ ಅಂಕಿ. ಗ್ವಯೂಲೆಯನ್ನು ಕೊಯ್ದು ಹಾಗೇ ಇಟ್ಟರೆ ಇದಕ್ಕಿಂತ ಕೆಟ್ಟದ್ದು: ಕತ್ತರಿಸಿದ ಪೊದೆ ಒಣಗುತ್ತಾ ಬಿದ್ದಿದ್ದರೆ ರಬ್ಬರ್ ಗಾಳಿಗೆ ಕೆಡುತ್ತದೆ, ಅಣು ತುಂಡಾಗುತ್ತದೆ. ಆದ್ದರಿಂದ ಶೇಕಡಾವಾರಿನ ಪಕ್ಕದಲ್ಲೇ ಗಿಡವೊಂದರ ಗ್ರಾಂ ಲೆಕ್ಕವಿರಲಿ.

ಅಲ್ಲಿಂದ ಹೆಕ್ಟೇರಿಗೆ ಹೋಗಿ. ಒಂದು ಊಹೆಯ ಲೆಕ್ಕ: ಒಣ ಬೇರು 10 ಗ್ರಾಂ, ರಬ್ಬರ್ ಶೇಕಡಾ 8, ಅಂದರೆ ಗಿಡಕ್ಕೆ 0.8 ಗ್ರಾಂ. ಹೆಕ್ಟೇರಿಗೆ ಐದು ಲಕ್ಷ ಗಿಡ ಎಂದರೆ 400 ಕಿಲೊ. ಬಿತ್ತಿದ್ದರಲ್ಲಿ ನೂರಕ್ಕೆ 60 ಮಾತ್ರ ಉಳಿದವು: 240 ಕಿಲೊ. ಕಾರ್ಖಾನೆ ಅದರಲ್ಲಿ ನೂರಕ್ಕೆ 80 ತೆಗೆಯಿತು: 192 ಕಿಲೊ. ಬೆಳೆ ನೆಲದಲ್ಲಿ ಎರಡು ವರ್ಷ ನಿಂತಿದ್ದರೆ ವರ್ಷಕ್ಕೆ 96. ಚೆನ್ನಾಗಿ ನೋಡಿಕೊಂಡ ಹೆವಿಯಾ ತೋಟ ವರ್ಷಕ್ಕೆ ಹೆಕ್ಟೇರಿಗೆ ಒಂದರಿಂದ ಎರಡು ಟನ್ ಕೊಡುತ್ತದೆ. ಆರೇಳು ವರ್ಷ ಕಾಯಿಸುತ್ತದೆ ನಿಜ, ಆದರೆ ಆಮೇಲೆ ದಶಕಗಟ್ಟಲೆ ಕೊಡುತ್ತದೆ. ಶೇಕಡಾ 8 ಎಂದು ಹಿಗ್ಗಿದವರು ಈ ಐದು ಸಾಲು ಬರೆದರೆ ನೆಲಕ್ಕಿಳಿಯುತ್ತಾರೆ. ತಳಿ ಸುಧಾರಣೆಯಿಂದ ಯಾವ ಸಾಲು ಬದಲಾಗಬಹುದು ಎಂಬುದೂ ಇಲ್ಲೇ ಕಾಣುತ್ತದೆ. ನನ್ನ ಅನುಭವದಲ್ಲಿ ಬೇರಿನ ಗಾತ್ರ ಮತ್ತು ಮೊಳಕೆಯ ಪ್ರಮಾಣ ದುಡಿದಷ್ಟೂ ಫಲ ಕೊಡುತ್ತವೆ; ಎಲ್ಲರೂ ಮುಗಿಬೀಳುವ ಶೇಕಡಾವಾರು ಅಷ್ಟು ಬೇಗ ಬಗ್ಗುವುದಿಲ್ಲ.

ಕೊಯ್ಯುವ ಕೈಗಳನ್ನೂ ಲೆಕ್ಕಕ್ಕೆ ಸೇರಿಸಿ. ಎರಡನೆಯ ಮಹಾಯುದ್ಧದಲ್ಲಿ ಏಷ್ಯಾದ ರಬ್ಬರ್ ನಿಂತಾಗ ಅಮೆರಿಕ ಹೇಯ್ಟಿಯಲ್ಲಿ ಕ್ರಿಪ್ಟೊಸ್ಟೀಜಿಯಾ ಬಳ್ಳಿ ಬೆಳೆಸಿತು. ಹಾಲಿನ ಗುಣ ಒಳ್ಳೆಯದೇ. ಆದರೆ ಬಳ್ಳಿಯ ಕುಡಿಗಳನ್ನು ಒಂದೊಂದಾಗಿ ಕತ್ತರಿಸಿ ಹನಿ ಹಿಡಿಯಬೇಕಿತ್ತು. ಯೋಜನೆಯನ್ನು 1944ರಲ್ಲಿ ಕೈಬಿಟ್ಟರು. ಅದೇ ಬಳ್ಳಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಾಡನ್ನೇ ಮುಸುಕುವ ಕಳೆಯಾಗಿದೆ, ಮೇಲಾಗಿ ವಿಷ. ಗಿಡ ಹೊಲದ ಬೇಲಿ ದಾಟಿದರೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಬಯಲಿನ ಪ್ರಯೋಗ ಶುರುಮಾಡಬಾರದು.

ಇಷ್ಟು ದಾಟಿದ ಗಿಡದಿಂದ ಕೆಲವು ನೂರು ಗ್ರಾಂ ಶುದ್ಧ ರಬ್ಬರ್ ಕೂಡಿಸಿ, ಕಾರ್ಖಾನೆಯವರ ಭಾಷೆಯ ಪರೀಕ್ಷೆಗಳನ್ನು ಮಾಡಿಸಿ: ಮೂನಿ ಸ್ನಿಗ್ಧತೆ (ಹಸಿ ರಬ್ಬರ್ ತಿರುಚುವಿಕೆಗೆ ಒಡ್ಡುವ ತಡೆ), 140 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಮೇಲೆ ಮೆದುತನ ಎಷ್ಟು ಉಳಿಯಿತು, ಗಂಧಕ ಬೆರೆಸಿ ಬೇಯಿಸಿದ ಪಟ್ಟಿ ಎಷ್ಟು ಎಳೆತಕ್ಕೆ ಹರಿಯುತ್ತದೆ. ಯಾವ ವಸ್ತುವಿಗೆ ಎಂಬುದನ್ನು ಮೊದಲೇ ತೀರ್ಮಾನಿಸಿರಿ. ಗ್ವಯೂಲೆ ಪೊದೆಯನ್ನು ಅರೆದು ತೆಗೆದ ರಬ್ಬರಿನಲ್ಲಿ ಪ್ರೊಟೀನ್ ಬಹಳ ಕಡಿಮೆ, ಹಾಗಾಗಿ ಹೆವಿಯಾ ಕೈಗವಸಿನ ಅಲರ್ಜಿ ಇರುವವರಿಗೆ ಅದು ವರ. ಪ್ರೊಟೀನ್ ಇಲ್ಲದ್ದರಿಂದಲೇ ಹಸಿ ರಬ್ಬರಿನ ಬಲ ಹೆವಿಯಾಕ್ಕಿಂತ ತುಸು ಕಡಿಮೆ. ಒಂದೇ ಗುಣ ಒಂದು ಕಡೆ ವರ, ಇನ್ನೊಂದು ಕಡೆ ಕೊರತೆ.

ಕೊನೆಗೆ ಕೆಂಪು ಶಾಯಿಯ ಬಗ್ಗೆ. ನನ್ನ ಏಳನೆಯ ನೋಟ್‌ಪುಸ್ತಕದ 31ನೆಯ ಪುಟದಲ್ಲಿ ಒಂದು ಗ್ವಯೂಲೆ ತಳಿಯ ಎದುರು ದಪ್ಪಗೆ ‘ಬೇಡ’ ಎಂದಿದೆ, ಬೇರೇನೂ ಇಲ್ಲ. ನಾಲ್ಕು ವರ್ಷಗಳ ನಂತರ ಅದೇ ತಳಿ ಬೇರೊಬ್ಬರ ಕೈಯಲ್ಲಿ ಮೂರು ಪಟ್ಟು ರಬ್ಬರ್ ಕೊಟ್ಟಿತು. ನಾನು ಕೊಯ್ದದ್ದು ನಡುಬೇಸಿಗೆಯಲ್ಲಿ, ಎಳೆಯ ಪೊದೆಯಿಂದ. ಗ್ವಯೂಲೆ ರಬ್ಬರ್ ಕೂಡಿಡುವುದು ಚಳಿಗಾಲದ ತಣ್ಣನೆಯ ರಾತ್ರಿಗಳಲ್ಲಿ. ಈಗ ನಾನು ಬರೆಯುವುದು ಹೀಗೆ: ‘ಬೇಡ. ಎಂಟು ತಿಂಗಳ ಗಿಡ, ಬೇಸಿಗೆ, ಕಾಂಡದ ತೊಗಟೆ, 115 ಸೆಕೆಂಡು.’ ಕೆಳಗೆ ಎರಡು ಸಾಲು ಖಾಲಿ ಬಿಡುತ್ತೇನೆ, ಒಣಗಿದ ರಬ್ಬರಿನ ಚೂರನ್ನು ದಿನಾಂಕ ಬರೆದ ಕಂದು ಸೀಸೆಯಲ್ಲಿ ಹಾಕಿ ತಣ್ಣಗಿಡುತ್ತೇನೆ.